ಮುಗಿದಿದೆ ಎಂದ ಹೆಣ್ಣಿಲಿ

ಇಲಿಗಳ ಮನೆಯಲ್ಲಿ ಅಕ್ಕಿ ಮುಗಿದರೆ "ಮುಗಿದಿದೆ" ಅನ್ನುವಂತಿಲ್ಲ. ಅದು ಅಪಶಕುನವೆಂದು "ತುಂಬಿದೆ" ಅನ್ನುತ್ತಾರೆ. ಮಳೆಗಾಲ ಹತ್ತಿರವಿತ್ತು, ಅಂದರೆ ಮರಿಗಳು ಇನ್ನು ಕೂಡಿಟ್ಟದ್ದನ್ನೇ ತಿನ್ನಬೇಕಿತ್ತು.

"ಅಕ್ಕಿ ತೆಗೆ, ಮನೆಗೆ ಬಂದಿರುವ ಭಾವನವರಿಗೆ ಔತಣ ಮಾಡೋಣ," ಎಂದಿತು ಗಂಡಿಲಿ.

"ಮುಗಿದಿದೆ," ಎಂದಿತು ಹೆಣ್ಣಿಲಿ.

ಅತ್ತೆ ಇಲಿ ಬೆಚ್ಚಿತು. "ತುಂಬಿದೆ ಅನ್ನೇ! ಲಕ್ಷ್ಮಿ ಮುನಿಯುತ್ತಾಳೆ."

"ನಿನ್ನೆ ಹಾಗೇ ಅಂದೆ ಅತ್ತೆ. ನಿಮ್ಮ ಮಗ ನಿಜವಾಗಿಯೂ ತುಂಬಿದೆ ಎಂದುಕೊಂಡು ಗೊರಕೆ ಹೊಡೆದರು."

"ಮೆಲ್ಲಗೆ! ಭಾವ ಬಾಗಿಲಲ್ಲೇ ಇದ್ದಾರೆ," ಎಂದಿತು ಗಂಡಿಲಿ.

"ಅವರೂ ಕೇಳಲಿ. ಲಕ್ಷ್ಮಿ ಮುನಿದರೆ ಅವಳ ಕಾಲು ಹಿಡಿಯುತ್ತೇನೆ. ಮರಿಗಳು ಹಸಿದರೆ ಯಾರ ಕಾಲು ಹಿಡಿಯಲಿ? ಮುಗಿದಿದೆ, ಒಂದು ಕಾಳೂ ಇಲ್ಲ!"

ಗಂಡಿಲಿ ಭಾವನನ್ನೂ ಕರೆದುಕೊಂಡು, ಮಳೆ ಬೀಳುವ ಮೊದಲೇ ಕಾಳು ಆಯಲು ಹೊಲಕ್ಕೆ ಓಡಿತು.