ನಡುಗದ ಪೆಟ್ಟಿಗೆ

ಗಿಟಾರ್ ನುಡಿಸುವ ಲವೀನಾಳ ಮನೆಯಲ್ಲಿ ನಾದಕ್ಕೆ ಮಾರ್ದನಿ ಕೂಡಿಸುವ ಹಳೆಯದೊಂದು ರಿವರ್ಬ್ ಪೆಟ್ಟಿಗೆ ಇತ್ತು. ಗಿಟಾರ್ ಮಿಡಿದಾಗ ಅದರೊಳಗಿನ ಸ್ಪ್ರಿಂಗುಗಳು ನಡುಗುತ್ತಿದ್ದವು. ಆ ನಡುಕದಿಂದಲೇ ನಾದಕ್ಕೆ ಬಾವಿಯೊಳಗೆ ಹಾಡಿದಂಥ ಗುಂಗು ಬರುತ್ತಿತ್ತು. ಒಂದು ದಿನ ಅದೇ ಕಂಪನಿಯ, ಅದೇ ಹೆಸರಿನ, ಅದೇ ಅಳತೆಯ ಹೊಸ ಪೆಟ್ಟಿಗೆ ಪಕ್ಕದಲ್ಲಿ ಬಂದು ಕೂತಿತು. ಹಳೆಯದು ಗಾಬರಿಯಿಂದ ಕೇಳಿತು:

“ನೀನು ಯಾಕಪ್ಪಾ ಬಂದೆ?”

“ತಮಗೆ ವಯಸ್ಸಾಯಿತು, ಕಾರ್ಯಕ್ರಮದ ನಡುವೆ ಕೈಕೊಟ್ಟೀರಿ ಎಂದು ಲವೀನಾ ಅಮ್ಮನವರಿಗೆ ಭಯ, ಅಜ್ಜ. ಇವತ್ತು ಇಬ್ಬರಿಗೂ ಪರೀಕ್ಷೆಯಂತೆ. ಸೋತವರನ್ನು ಬಿಚ್ಚಿ ಬಿಡಿಭಾಗಕ್ಕೆ ಇಟ್ಟುಕೊಳ್ಳುತ್ತಾರಂತೆ. ನನಗೂ ಹೆದರಿಕೆಯೇ.”

ನನ್ನ ಮುಪ್ಪು ಗೊತ್ತಾಗುವುದೇ ಈ ನಡುಕದಿಂದ ಎಂದುಕೊಂಡಿತು ಹಳೆಯದು. ಇವತ್ತೊಂದು ದಿನ ಏನಾದರೂ ಸರಿ, ನಡುಗಕೂಡದು.

ಲವೀನಾ ಬಂದವಳೇ ವಾಡಿಕೆಯಂತೆ ಬೆರಳ ಗೆಣ್ಣಿನಿಂದ ಅದರ ನೆತ್ತಿಗೆ ಕುಟ್ಟಿದಳು. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಗುಡುಗುತ್ತಿದ್ದ ಪೆಟ್ಟಿಗೆ, ಸ್ಪ್ರಿಂಗುಗಳನ್ನು ಬಿಗಿಹಿಡಿದು ಕಲ್ಲಿನಂತೆ ಕೂತಿತು. ಅವಳು ಕಿವಿಯಿಟ್ಟು ಮತ್ತೊಮ್ಮೆ ಕುಟ್ಟಿದಳು. ಸದ್ದಿಲ್ಲ.

“ಪಾಪ, ಇದರ ಕಥೆ ಮುಗಿಯಿತು,” ಎಂದು ಸ್ಕ್ರೂಗಳನ್ನು ತಿರುಪಿ, ಸ್ಪ್ರಿಂಗುಗಳನ್ನು ಒಂದೊಂದಾಗಿ ಕಳಚಿ ಮೇಜಿನ ಮೇಲಿಟ್ಟಳು.

ಅದನ್ನು ಕಂಡ ಹೊಸ ಪೆಟ್ಟಿಗೆಗೆ ಜೀವವೇ ಬಾಯಿಗೆ ಬಂತು. ಯಾರೂ ಮುಟ್ಟುವ ಮೊದಲೇ ಗಡಗಡ ನಡುಗಿಬಿಟ್ಟಿತು. ಕೋಣೆಯೆಲ್ಲ ಗುಡುಗಿತು.

ಲವೀನಾಳ ಕೈ ನಿಂತಿತು. “ಥೇಟ್ ಹಳೆಯದರ ದನಿಯೇ,” ಎಂದಳು.

ಆ ಮಾತು ಕೇಳಿ ಹಳೆಯ ಪೆಟ್ಟಿಗೆ ನಡುಗಲು ನೋಡಿತು. ನಡುಗುವುದಕ್ಕೆ ಅದರೊಳಗೆ ಏನೂ ಉಳಿದಿರಲಿಲ್ಲ.