ಸಿದ್ಧಣಾರ್ಯರ ಓಲೆಯಲ್ಲಿ ಇದ್ದ ಮಾತು

ಹತ್ತು ವರ್ಷ ವೈದ್ಯ ಕಲಿತ ತಿಪ್ಪಣ್ಣ ಒಂದು ಗ್ರಂಥ ಬರೆದ. ಒಂದಲ್ಲ ಎರಡಲ್ಲ, ನೂರಿಪ್ಪತ್ತು ಓಲೆ! ಬರುವ ಹುಣ್ಣಿಮೆಗೆ ವಿದ್ವಾಂಸರ ಸಭೆಯಲ್ಲಿ ಅದನ್ನು ಓದಬೇಕು. ಅವನ ಕಾಲು ನೆಲದ ಮೇಲೇ ಇರಲಿಲ್ಲ ಅನ್ನಿ.

ಗುರುಗಳಾದ ನಂಜುಂಡ ಪಂಡಿತರು ನದಿಯ ದಡದಲ್ಲಿ ಕೂತು ಓಲೆ ತಿರುವುತ್ತಿದ್ದರು. ಒಂದು ಕಡೆ ಅವರ ಬೆರಳು ನಿಂತಿತು.

"'ನೆಲಬೇವಿನ ಕಷಾಯವನ್ನು ಬಸುರಿ, ಬಾಣಂತಿ ಇಬ್ಬರಿಗೂ ಕೊಡಬಹುದು ಎಂದು ಸಿದ್ಧಣಾರ್ಯರು ಹೇಳಿದ್ದಾರೆ.' ಆ ಹಳೇ ಕಾಲದ ವೈದ್ಯರ ಓಲೆ ಎಲ್ಲಿ ನೋಡಿದೆಯಪ್ಪಾ?"

"ನಿಮ್ಮ ಗ್ರಂಥದಲ್ಲಿ ಹಾಗಂತ ಇದೆಯಲ್ಲ, ಗುರುಗಳೇ."

"ಅಂದರೆ ನೀನು ಓದಿದ್ದು ನನ್ನ ಮಾತು. ಹೆಸರು ಮಾತ್ರ ಅವರದು ಹಾಕಿದ್ದೀಯ."

"ನೀವು ಬರೆದ ಮೇಲೆ ಮುಗೀತಲ್ಲ! ಮತ್ತೆ ಯಾಕೆ ನೋಡಬೇಕು?"

ಪಂಡಿತರು ಎದ್ದು ಮನೆಯೊಳಗೆ ಹೋದರು. ಬುತ್ತಿಯ ಗಂಟು ಕಟ್ಟಿ ಅವನ ಕೈಗಿಟ್ಟರು. ಸಿದ್ಧಣಾರ್ಯರ ಓಲೆ ಇದ್ದದ್ದು ಬೆಟ್ಟದಾಚೆಯ ಮಠದಲ್ಲಿ. ನಾಲ್ಕು ದಿನದ ಹಾದಿ.

ದಾರಿಯುದ್ದಕ್ಕೂ ತಿಪ್ಪಣ್ಣ ಗೊಣಗಿದ. ಒಂದು ಸಾಲಿಗೋಸ್ಕರ ಇಷ್ಟು ದೂರವೇ? ಗುರುಗಳಿಗೆ ಅರಳುಮರಳು ಅಂದುಕೊಂಡ. ಅಂದುಕೊಂಡದ್ದೇ ತಡ, ಹೆದರಿ ಗಲ್ಲ ಗಲ್ಲ ಬಡಿದುಕೊಂಡ.

ಹುಣ್ಣಿಮೆಯ ಹಿಂದಿನ ದಿನ ತಿರುಗಿ ಬಂದಾಗ ಅವನ ಮುಖ ಬಾಡಿಹೋಗಿತ್ತು.

"ಓಲೆ ಸಿಕ್ಕಿತೇನೋ?"

"ಸಿಕ್ಕಿತು."

"ಏನಿದೆ ಅದರಲ್ಲಿ?"

ತಿಪ್ಪಣ್ಣ ನದಿಯ ಕಡೆ ನೋಡಿದ. ಹೇಳಿದರೆ ಗುರುಗಳ ಮಾನ ಹೋಗುತ್ತದೆ, ಹೇಳದಿದ್ದರೆ ಯಾವಳೋ ಬಸುರಿಯ ಜೀವಕ್ಕೆ ಕುತ್ತು.

"ಬಾಣಂತಿಗೆ ಕೊಡು, ಬಸುರಿಗೆ ಕೊಡಲೇಬೇಡ ಅಂತ ಇದೆ. ಮೂರು ಸಲ ಓದಿದೆ. ನನ್ನ ಕಣ್ಣೇ ತಪ್ಪಿರಬಹುದು ಅಂತ ಅಲ್ಲಿಯ ಹಿರಿಯರ ಕೈಲೂ ಓದಿಸಿದೆ."

ಪಂಡಿತರು ತಮ್ಮ ಗ್ರಂಥ ಬಿಚ್ಚಿ ಆ ಸಾಲಿನ ಮೇಲೆ ಬೆರಳಿಟ್ಟರು.

"ನಾನೂ ಆ ಓಲೆ ನೋಡಿದವನಲ್ಲ ಕಣೋ. ನನ್ನ ಗುರುಗಳ ಬಾಯಲ್ಲಿ ಕೇಳಿ ಬರೆದುಬಿಟ್ಟೆ. ಯಾವ ಬಸುರಿಗೂ ಅದನ್ನ ಕೊಡೋ ಪ್ರಸಂಗ ನನಗೆ ಬರಲಿಲ್ಲ, ಶಿವ ದೊಡ್ಡವನು."

"ನನ್ನ ಗ್ರಂಥದಿಂದ ಆ ಸಾಲಿರೋ ಓಲೆಯನ್ನೇ ತೆಗೆದುಬಿಡ್ತೀನಿ, ಗುರುಗಳೇ. ಸಭೆಯಲ್ಲಿ ನಿಮ್ಮ ಹೆಸರೇ ಎತ್ತೋದಿಲ್ಲ."

"ನನ್ನ ಗ್ರಂಥ ಏಳೂರಲ್ಲಿ ಇದೆಯಲ್ಲ, ಅದನ್ನ ನಂಬಿದವರಿಗೆ ಯಾರು ಹೇಳ್ತಾರೆ?"

"ನಿಮ್ಮ ತಪ್ಪನ್ನ ನಾನು ಸಭೆಯಲ್ಲಿ ಓದಲಾ? ನನ್ನ ಕೈಲಿ ಆಗಲ್ಲ!" ತಿಪ್ಪಣ್ಣನಿಗೆ ಅಳುವೇ ಬಂತು.

ಪಂಡಿತರು ಓಲೆ ಕೊರೆಯುವ ಕಂಟವನ್ನು ಅವನ ಕೈಗೆ ಕೊಟ್ಟರು. ಮುದುಕರ ಕಣ್ಣಲ್ಲೂ ನೀರಿತ್ತು, ಆದರೆ ಎದೆ ಉಬ್ಬಿತ್ತು. ಶಿಷ್ಯನನ್ನು ಅವರು ಅಷ್ಟು ಹೆಮ್ಮೆಯಿಂದ ಎಂದೂ ನೋಡಿರಲಿಲ್ಲ.

"ಬರಿ: 'ನಂಜುಂಡ ಪಂಡಿತ ನೋಡದೆ ಬರೆದ.' ಅದರ ಕೆಳಗೇ ಬರಿ: 'ಅವನ ಶಿಷ್ಯ ತಿಪ್ಪಣ್ಣ ಹೋಗಿ ನೋಡಿ ಬಂದ.' ನಾಳೆ ಎರಡನ್ನೂ ಗಟ್ಟಿಯಾಗಿ ಓದು. ನಾನು ಮುಂದಿನ ಸಾಲಲ್ಲೇ ಕೂತು ಕೇಳ್ತೀನಿ."