ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಹೊಳೆಯ ದಂಡೆಯ ಆಶ್ರಮದಲ್ಲಿ ನಿಜಗುಣಯ್ಯ ಎಂಬ ಗುರುಗಳಿದ್ದರು. ಹಿಂದೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಆಶ್ರಮಕ್ಕೆ ಬಂದ ಮೇಲೂ ಕೇಳಿದವರಿಗೆ ಕಲಿಸುತ್ತಿದ್ದರು.

ಕುಮುದಿನಿ ಹಾಗೆ ಕೇಳಿಕೊಂಡು ಬಂದವಳು.

“ನನಗೆ ಇಂಗ್ಲಿಷಿನಲ್ಲಿ ಬರೆಯಬೇಕು ಅಂತ ಆಸೆ ಗುರುಗಳೇ. ಒಂದು ಪತ್ರಿಕೆಗೆ ಕಳಿಸಿದ್ದೆ. ಭಾಷೆ ತೀರಾ ಸಾದಾ ಅಂತ ಹಿಂದಕ್ಕೆ ಬಂತು.”

“ಆಮೇಲೆ ಏನು ಮಾಡಿದೆ?”

“ಯಾರೂ ಬಳಸದ ಪದಗಳನ್ನು ಕಲಿಯತೊಡಗಿದೆ.”

ಗುರುಗಳ ಕಣ್ಣು ಅರಳಿತು. “ಒಂದು ಹೇಳು ನೋಡೋಣ.”

“ಕ್ರೆಪಸ್ಕ್ಯುಲರ್. ಮುಸ್ಸಂಜೆಗೆ ಸೇರಿದ್ದು ಅಂತ ಅರ್ಥ.”

“ಚೆನ್ನಾಗಿದೆ. ನಿನ್ನೆ ಮುಸ್ಸಂಜೆ ಬೆಳಕು ಯಾವ ಬಣ್ಣದಲ್ಲಿತ್ತು?”

ಕುಮುದಿನಿ ತಡವರಿಸಿದಳು. “ನಿನ್ನೆ ಸಂಜೆ ನಾನು ಒಳಗೆ ಕೂತು ನಿಘಂಟು ಓದುತ್ತಿದ್ದೆ.”

ಗುರುಗಳು ನಕ್ಕರು. ಅವಳಿಗೆ ಉಳಿದುಕೊಳ್ಳಲು ಕೋಣೆ ತೋರಿಸಿದರು.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಬಂತು. ಗುರುಗಳು ಪಕ್ಕದ ಊರಿನಲ್ಲಿ ಕಾಯಿಲೆ ಬಿದ್ದ ಗೆಳೆಯನನ್ನು ನೋಡಲು ಹೊರಟಿದ್ದರು.

“ಸ್ನಾನಘಟ್ಟದಲ್ಲಿ ಕನ್ನಡದ ಫಲಕ ಇದೆ,” ಅಂದರು. “ಹೊರರಾಜ್ಯದ ಯಾತ್ರಿಕರು ಬರುತ್ತಾರೆ. ನೀರಿಗೆ ಇಳಿಯಬೇಡಿ ಅಂತ ಇಂಗ್ಲಿಷಿನಲ್ಲೂ ಒಂದು ಬರೆದು ನಿಲ್ಲಿಸು.”

ಗುರುಗಳು ಅವಳಿಗೆ ಒಪ್ಪಿಸಿದ ಮೊದಲ ಬರಹ ಅದು. ಕುಮುದಿನಿ ಹಲಗೆಗೆ ಬಿಳಿ ಬಣ್ಣ ಬಳಿದು ಒಣಗಿಸಿದಳು. ಬಹಳ ಹೊತ್ತು ಯೋಚಿಸಿದಳು.

ಹೊಳೆ ಕದಡಿದೆ ಎನ್ನಲು ‘ದ ರಿವರ್ ಈಸ್ ಟರ್ಬಿಡ್’ ಎಂದು ಬರೆದಳು. ನಂಬಿಸಿ ಕೈಕೊಡುತ್ತದೆ ಎನ್ನಲು ‘ಪರ್ಫಿಡಿಯಸ್’ ಎಂದಳು. ಅದರ ಅಪ್ಪುಗೆಯಿಂದ ದೂರವಿರಿ ಎನ್ನಲು ‘ಎಸ್ಚ್ಯೂ ಹರ್ ಎಂಬ್ರೇಸ್’ ಎಂದು ಮುಗಿಸಿದಳು. ದುಂಡಗಿನ ಅಕ್ಷರ. ಫಲಕವನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟಳು.

ಮಧ್ಯಾಹ್ನಕ್ಕೆ ಮುಂಚೆ ಗುಜರಾತಿನಿಂದ ಗಂಡಹೆಂಡತಿ ಬಂದರು, ಆಶ್ರಮದಲ್ಲಿ ಒಂದು ರಾತ್ರಿ ತಂಗಲು. ಜಯೇಶಭಾಯಿ, ಹಂಸಾಬೆನ್. ಕುಮುದಿನಿ ಮೇಲಿನ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಳು. ಜಯೇಶಭಾಯಿ ಫಲಕದ ಮುಂದೆ ನಿಂತು ಓದುವುದು ಅವಳಿಗೆ ಕಾಣಿಸಿತು. ಓದುತ್ತಿದ್ದಾರಲ್ಲ ಎಂದು ಹಿಗ್ಗಿದಳು.

ಅವರು ಓದಿ ಮುಗಿಸಿದರು. ಫಲಕಕ್ಕೆ ಕೈಮುಗಿದರು. ಅಂಗಿ ಕಳಚಿ ಹೆಂಡತಿಯ ಕೈಗೆ ಕೊಟ್ಟು ನೀರಿಗೆ ಇಳಿದೇಬಿಟ್ಟರು.

“ಬ್ಯಾಕ್! ಬ್ಯಾಕ್!” ಕುಮುದಿನಿ ಕಿರುಚಿದಳು.

ಅಷ್ಟರಲ್ಲಿ ಸೆಳೆತ ಅವರ ಕಾಲನ್ನು ಎತ್ತಿಹಾಕಿತ್ತು. ನೀರು ಅವರನ್ನು ಗಿರ್ರನೆ ತಿರುಗಿಸಿತು. ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

ಕುಮುದಿನಿ ಬಾವಿಯ ಹಗ್ಗವನ್ನು ಬಿಚ್ಚಿ ಎಳೆದುಕೊಂಡು ಓಡಿದಳು. ಮೆಟ್ಟಿಲ ತುದಿಯಲ್ಲಿ ಮಂಡಿಯೂರಿ ಎಸೆದಳು. ತಪ್ಪಿತು. ಮತ್ತೆ ಎಸೆದಳು. ಹಂಸಾಬೆನ್ ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡರು. ಈ ಸಲ ಜಯೇಶಭಾಯಿಯ ಕೈಗೆ ಹಗ್ಗ ಸಿಕ್ಕಿತು. ಇಬ್ಬರೂ ಹೆಂಗಸರು ಸೇರಿ ಅವರನ್ನು ಕಲ್ಲಿನ ಮೇಲಕ್ಕೆ ಎಳೆದು ಹಾಕಿದರು.

ಕೆಮ್ಮು ನಿಂತ ಮೇಲೆ ಕುಮುದಿನಿ ತನಗೆ ಬಂದಷ್ಟು ಹಿಂದಿಯಲ್ಲಿ ಕೇಳಿದಳು: “ಫಲಕ ಓದಿದಿರಲ್ಲ, ಆದರೂ ಯಾಕೆ ಇಳಿದಿರಿ?”

“ನನಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೇ ತಂಗಿ,” ಅಂದರು ಅವರು. “ರಿವರ್ ಅಂತಿತ್ತು, ಎಂಬ್ರೇಸ್ ಅಂತಿತ್ತು. ಹೊಳೆತಾಯಿಯ ಸ್ತೋತ್ರ ಅಂದುಕೊಂಡೆ.”

ಕುಮುದಿನಿ ಫಲಕದ ಕಡೆಗೆ ತಿರುಗಿದಳು.

“ಅದನ್ನು ಬರೆದವಳು ನಾನೇ,” ಅಂದಳು.

ಜಯೇಶಭಾಯಿ ಅವಳ ಕೈಲಿದ್ದ ಒದ್ದೆ ಹಗ್ಗವನ್ನು ನೋಡಿ ತಲೆಯಾಡಿಸಿದರು.

ಸಂಜೆ ಗುರುಗಳು ಬರುವ ಹೊತ್ತಿಗೆ ಫಲಕದ ಮೇಲೆ ಹೊಸ ಬಣ್ಣ ಬಿದ್ದಿತ್ತು. ‘ಡೇಂಜರ್. ಡು ನಾಟ್ ಎಂಟರ್ ದ ವಾಟರ್.’ ಇಷ್ಟೇ ಇತ್ತು.

ನಡೆದದ್ದನ್ನೆಲ್ಲ ಕುಮುದಿನಿ ತಾನೇ ಹೇಳಿದಳು. ಕೊನೆಗೆ ನಿಘಂಟನ್ನು ಅವರ ಮುಂದಿಟ್ಟಳು.

“ಇದು ನನಗೆ ಬೇಡ. ಇನ್ನು ಮೇಲೆ ಮಕ್ಕಳಿಗೂ ಗೊತ್ತಿರುವ ಪದಗಳಲ್ಲೇ ಬರೆಯುತ್ತೇನೆ.”

“ಆಗಲಿ. ಇವತ್ತಿನ ಸಂಗತಿಯನ್ನೇ ಇಂಗ್ಲಿಷಿನಲ್ಲಿ ಹೇಳು.”

ಅವಳು ಹೇಳಿದಳು. ಗಂಡಸೊಬ್ಬ ನೀರಿಗಿಳಿದ. ನೀರು ಜೋರಾಗಿತ್ತು. ಅವನನ್ನು ಕಾಪಾಡಿದೆವು. ಹೆಂಡತಿಗೆ ದುಃಖವಾಗಿತ್ತು. ಅಷ್ಟರಲ್ಲಿ ಕಥೆ ಮುಗಿದುಹೋಯಿತು.

“ಅವರು ಮುಳುಗಿದಾಗ ನೀರು ಯಾವ ಕಡೆಗೆ ಹರಿಯುತ್ತಿತ್ತು?” ಗುರುಗಳು ಕೇಳಿದರು.

“ಕೆಳಗಡೆಗೆ. ಹೊಳೆ ಮತ್ತೆಲ್ಲಿಗೆ ಹರಿಯುತ್ತದೆ?”

“ಕೊಚ್ಚಿಹೋಗದೆ ನಿನ್ನ ಹಗ್ಗ ಎಟಕುವಲ್ಲೇ ಉಳಿದರಲ್ಲ, ಅದು ಹೇಗೆ?”

ಗುರುಗಳು ನಿಘಂಟನ್ನು ಎತ್ತಿಕೊಂಡು ಎದ್ದರು. ಇಬ್ಬರೂ ಘಟ್ಟಕ್ಕೆ ಬಂದು ಮೇಲಿನ ಮೆಟ್ಟಿಲಲ್ಲಿ ನಿಂತರು. ಗುರುಗಳು ಹೊಂಗೆಯ ಒಂದು ಎಲೆ ಕಿತ್ತು ನೀರಿಗೆ ಬಿಟ್ಟರು.

ನಡುಹೊಳೆ ಕೆಳಗೆ ಧಾವಿಸುತ್ತಿತ್ತು. ದಂಡೆಯ ಎಲೆ ಮಾತ್ರ ಮೆಲ್ಲಗೆ ಮೇಲಕ್ಕೆ, ನೀರು ಬಂದ ಕಡೆಗೇ ಹೊರಟಿತು. ಕಲ್ಲನ್ನು ಬಳಸಿ ನಡುವಿಗೆ ಸರಿಯಿತು, ಒಂದು ಸುತ್ತು ಹಾಕಿ ಮತ್ತೆ ದಂಡೆಗೇ ಬಂತು.

“ಅಯ್ಯೋ!” ಕುಮುದಿನಿ ಬಗ್ಗಿದಳು. “ದಿನಾ ಇಲ್ಲೇ ಬಟ್ಟೆ ಒಗೆಯುತ್ತೇನೆ. ಒಂದು ದಿನವೂ ನೋಡಿಲ್ಲ. ಅವರನ್ನು ಎಳೆದದ್ದೂ ಇದೇ, ನಮ್ಮ ಕಡೆಗೆ ತಂದುಕೊಟ್ಟದ್ದೂ ಇದೇ!”

ತಾನೂ ಒಂದು ಎಲೆ ಬಿಟ್ಟಳು. ಇನ್ನೊಂದು ಬಿಟ್ಟಳು. ಒಣಕಡ್ಡಿ ಹಾಕಿದಳು. ಆಮೇಲೆ ಥಟ್ಟನೆ ತಿರುಗಿದಳು.

“ಗುರುಗಳೇ, ಹೀಗೆ ದಂಡೆಯಲ್ಲಿ ಹಿಂದಕ್ಕೆ ಸುತ್ತುವ ನೀರಿಗೆ ಇಂಗ್ಲಿಷಿನಲ್ಲಿ ಹೆಸರಿದೆಯೇ?”

“ಇದೆ. ಎಡ್ಡಿ.”

“ಎಡ್ಡಿ.” ಅವಳು ಹೇಳಿ ನೋಡಿದಳು. “ಇಷ್ಟು ಪುಟ್ಟದೇ? ನನಗೆ ಗೊತ್ತೇ ಇರಲಿಲ್ಲ.”

ಗುರುಗಳು ನಿಘಂಟನ್ನು ಅವಳ ಕೈಗೆ ವಾಪಸು ಕೊಟ್ಟರು. ಹುಡುಕಿದಳು. ಪದ ಅಲ್ಲೇ ಇತ್ತು. ಆ ಪುಟವನ್ನು ಅವಳು ಹಿಂದೆ ಓದಿಯೂ ಇದ್ದಳು.

“ಹೆಂಡತಿಗೆ ದುಃಖವಾಗಿತ್ತು ಅಂದೆ,” ಗುರುಗಳು ಕೇಳಿದರು. “ಅತ್ತಳೇ?”

“ಇಲ್ಲ.”

“ಮತ್ತೆ?”

ಕುಮುದಿನಿ ನೆನಪು ಮಾಡಿಕೊಂಡಳು. “ಮೊದಲು ಗಂಡನ ಹೆಗಲಿಗೆ ಎರಡೇಟು ಹಾಕಿದರು. ಆಮೇಲೆ ದೂರ ಹೋಗಿ ಕೂತರು. ಗಂಡನ ಅಂಗಿ ಕೈಯಲ್ಲೇ ಇತ್ತು. ಅದನ್ನು ಮಡಿಚಿದರು. ಬಿಡಿಸಿದರು. ಮತ್ತೆ ಮಡಿಚಿದರು. ಸಂಜೆಯವರೆಗೂ ಅದೇ. ಗಂಡ ಕೈಚಾಚಿ ಕೇಳಿದರೂ ಕೊಡಲಿಲ್ಲ.”

ಅವಳ ದನಿ ತಗ್ಗಿತು. “ಅದು ದುಃಖ ಅಲ್ಲ. ಸಿಟ್ಟೂ ಅಲ್ಲ. ಭಯ ಅನ್ನೋಣವೆಂದರೆ ಗಂಡ ಎದುರಿಗೇ ಕೂತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಗುರುಗಳೇ?”

“ಗೊತ್ತಿಲ್ಲ.”

“ಕನ್ನಡದಲ್ಲಿ?”

“ಗೊತ್ತಿಲ್ಲ.”

“ಹಾಗಾದರೆ ಯಾರನ್ನು ಕೇಳಲಿ?”

“ಆಕೆ ಗುಜರಾತಿನವಳು. ಆ ಭಾಷೆಯಲ್ಲಿ ಇದ್ದರೂ ಇರಬಹುದು. ಬೆಳಿಗ್ಗೆ ಹೊರಟುಹೋಗುತ್ತಾರೆ.”

ಕುಮುದಿನಿ ಅತಿಥಿಗಳ ಕೋಣೆಗೆ ಹೋದಳು. ಹಂಸಾಬೆನ್ ಜಗುಲಿಯಲ್ಲಿ ಒಬ್ಬರೇ ಇದ್ದರು. ಅಂಗಿ ಮಡಿಲಲ್ಲಿತ್ತು.

ಕ್ಷಮೆ ಕೇಳಲು ಬಂದಳೆಂದುಕೊಂಡು ಅವರು ಮುಖ ತಿರುಗಿಸಿದರು. ಕುಮುದಿನಿ ಕ್ಷಮೆ ಕೇಳಿದಳು. ಆಮೇಲೂ ಹೋಗದೆ ಅಲ್ಲೇ ಕೂತಳು.

“ಇವತ್ತು ಈ ಅಂಗಿ ಹಿಡಿದು ಕೂತಿದ್ದಿರಲ್ಲ,” ಎಂದು ಹಿಂದಿಯಲ್ಲೇ ಮೆಲ್ಲಗೆ ಕೇಳಿದಳು. “ಆಗ ಒಳಗೆ ಇದ್ದದ್ದಕ್ಕೆ ನಿಮ್ಮ ಭಾಷೆಯಲ್ಲಿ ಏನು ಹೆಸರು?”

ಹಂಸಾಬೆನ್ ಅವಳನ್ನೇ ನೋಡಿದರು. ತಮಾಷೆ ಮಾಡುತ್ತಿದ್ದಾಳೋ ಎಂದು ನೋಡಿದರು. ಅಲ್ಲವೆಂದು ತಿಳಿಯಿತು.

ಹೇಳಲು ಬಾಯಿ ತೆರೆದರು. ಒಂದು ಮಾತು ಅರ್ಧಕ್ಕೆ ಬಂದು ನಿಂತಿತು. ಇನ್ನೊಂದನ್ನು ಹುಡುಕಿದರು. ಅದೂ ಸರಿಹೊಂದಲಿಲ್ಲವೇನೋ, ತಲೆ ಅಲ್ಲಾಡಿಸಿದರು. ಆಮೇಲೆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತರು, ಬೆಳಗಿನಿಂದ ಮೊದಲ ಬಾರಿಗೆ. ಒಳಗಿನಿಂದ ಜಯೇಶಭಾಯಿ ಬಂದು ಪಕ್ಕದಲ್ಲಿ ಕೂತರು. ಈ ಸಲ ಅಂಗಿಯನ್ನು ಹಂಸಾಬೆನ್ ತಾವೇ ಗಂಡನ ಹೆಗಲಿಗೆ ಹೊದಿಸಿದರು.

ಕುಮುದಿನಿ ಹಿಂತಿರುಗಿದಾಗ ಗುರುಗಳು ದೀಪ ಹಚ್ಚುತ್ತಿದ್ದರು.

“ಸಿಕ್ಕಿತೇ?”

“ಇಲ್ಲ ಗುರುಗಳೇ. ಹುಡುಕಿ ನೋಡಿದರು. ಅವರ ಭಾಷೆಯಲ್ಲೂ ಆ ಪದ ಸಿಗಲಿಲ್ಲ.”

ಗುರುಗಳು ದೀಪವನ್ನು ಅವಳ ಬರೆಯುವ ಮಣೆಯ ಬಳಿಗೆ ಸರಿಸಿದರು.

“ಹಾಗಾದರೆ ಬರೆಯಲು ಕೂತುಕೋ.”